ಏಳು ಮುಚ್ಚಳ ಬ್ರಾಂಡಿ

ಹೆಸರು, ವಯಸ್ಸು, ಮನೆ-ಕೆಲಸದ ವಿವರ ಎಲ್ಲ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಶಾರದಾ ಅಂತ ಕರೆಯೋಣ.

ಚಿಕ್ಕಮಗಳೂರಿನ ನನ್ನ ಸಲಹಾ ಕೊಠಡಿಗೆ ಶಾರದಾ ಬಂದಿದ್ದು ಡಿಸೆಂಬರ್ ಚಳಿಯಲ್ಲಿ. ಸ್ವೆಟರ್ ಮೇಲೊಂದು ಶಾಲು ಹೊದ್ದಿದ್ದರು. 31 ವರ್ಷ. ಆಲ್ದೂರಿನ ಕಡೆ ಒಂದು ಹೋಂಸ್ಟೇಯಲ್ಲಿ ಅಡುಗೆ ಮತ್ತು ರೂಮಿನ ಕೆಲಸ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಡಾಕ್ಟರ ಚೀಟಿ. ಅದರಲ್ಲಿ ಎರಡೇ ವಿಷಯ ಇತ್ತು: ಹಿಮೋಗ್ಲೋಬಿನ್ 8.6 (ಅಂದರೆ ರಕ್ತ ಕಡಿಮೆ), ಮುಟ್ಟಿನ ದಿನಗಳಲ್ಲಿ ಮದ್ಯ.

"ನಾನು ಕುಡುಕಿ ಅಲ್ಲ ಮೇಡಂ" ಅಂತಲೇ ಮಾತು ಶುರು ಮಾಡಿದರು.

ಕುಡುಕಿ ಅಂತ ನಾನೂ ಅಂದುಕೊಂಡಿರಲಿಲ್ಲ. ಅವರಿಗೆ ಆಗ್ತಿದ್ದದ್ದು ನೋವು. ಮುಟ್ಟಾದ ಮೊದಲ ದಿನ ಸೊಂಟದಿಂದ ತೊಡೆಯವರೆಗೆ ಹಿಂಡಿದ ಹಾಗೆ. ಅದೇ ಶನಿವಾರ-ಭಾನುವಾರ ಬಿದ್ದರೆ ಮುಗೀತು. ಮುಳ್ಳಯ್ಯನಗಿರಿ ನೋಡೋಕೆ ಬಂದ ಜನರಿಂದ ಎಂಟು ರೂಮೂ ಭರ್ತಿ. ಹಾಸಿಗೆ ಬಟ್ಟೆ ಬದಲಿಸಬೇಕು, ಬೆಳಗ್ಗೆ ಎಂಟಕ್ಕೆ ಅಕ್ಕಿರೊಟ್ಟಿ ತಟ್ಟಬೇಕು. ರಜೆ ಕೇಳಿದರೆ ಆ ದಿನದ ಕೂಲಿ ಇಲ್ಲ.

ಬ್ರಾಂಡಿ ಶುರುವಾಗಿದ್ದು ಬಾಣಂತನದಲ್ಲಿ. ಮೈ ಬೆಚ್ಚಗಿರಲಿ ಅಂತ ಅತ್ತೆಯೇ ಕೊಟ್ಟಿದ್ದು. ನಮ್ಮ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇದು ಇದ್ದದ್ದೇ. ಸಾರಿನ ಪುಡಿ ಡಬ್ಬಿಯ ಹಿಂದೆ ಒಂದು ಕ್ವಾರ್ಟರ್ (180 ಮಿಲಿ) ಬಾಟಲಿ ಇರುತ್ತೆ. ನೆಗಡಿಗೂ ಅದೇ, ಮಂಡಿನೋವಿಗೂ ಅದೇ. ಮಗುವಿಗೆ ಎರಡು ವರ್ಷ ಆದಮೇಲೆ ಮುಟ್ಟಿನ ನೋವಿಗೂ ಅದೇ ಬಂತು. ಬಿಸಿನೀರು, ಬೆಲ್ಲ, ಕಾಳುಮೆಣಸಿನ ಪುಡಿ, ಬ್ರಾಂಡಿ. ನನಗೆ ತಮಾಷೆ ಅನಿಸಿದ್ದು ಒಂದು. ಆ ಮೂರು ದಿನ ಶಾರದಾ ದೇವರ ಕೋಣೆಗೆ ಹೋಗುವ ಹಾಗಿಲ್ಲ, ಉಪ್ಪಿನಕಾಯಿ ಭರಣಿ ಮುಟ್ಟುವ ಹಾಗಿಲ್ಲ. ಬಾಟಲಿಗೆ ಮಾತ್ರ ಮೈಲಿಗೆ ಇಲ್ಲ.

"ಎಷ್ಟು ಕುಡೀತೀರಿ?" ಅಂದೆ.

"ಎರಡು ಚಮಚ."

ಎಲ್ಲರೂ ಹೇಳೋದು ಎರಡು ಚಮಚವೇ. ಸುಳ್ಳು ಹೇಳ್ತಾರೆ ಅಂತಲ್ಲ, ಯಾರೂ ಅಳೆದಿರೋದಿಲ್ಲ. ಮುಂದಿನ ಸಲ ಬರುವಾಗ ಮನೆಯ ಲೋಟ ತನ್ನಿ ಅಂದೆ. ತಂದರು, ಅಂಚು ಸ್ವಲ್ಪ ನೆಗ್ಗಿದ ಸ್ಟೀಲ್ ಲೋಟ. ಬ್ರಾಂಡಿ ಎಲ್ಲಿಯವರೆಗೆ ಹಾಕ್ತೀರೋ ಅಲ್ಲಿಯವರೆಗೆ ನೀರು ಹಾಕಿ ಅಂದೆ. ಅಂದಾಜಿಲ್ಲದೆ, ಕೈ ರೂಢಿಯಲ್ಲೇ ಹಾಕಿದರು. ಆ ನೀರನ್ನು ಮಕ್ಕಳ ಕೆಮ್ಮಿನ ಔಷಧಿಯ 10 ಮಿಲಿ ಮುಚ್ಚಳದಲ್ಲಿ ಅಳೆದೆವು. ಒಂದು, ಎರಡು, ಮೂರು... ಏಳು ಮುಚ್ಚಳ. ಏಳನೆಯದು ಅಂಚಿನವರೆಗೂ ತುಂಬಿತ್ತು.

70 ಮಿಲಿ. ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಮೂರು ದಿನಕ್ಕೆ 420 ಮಿಲಿ, ಅಂದರೆ ಎರಡು ಕ್ವಾರ್ಟರ್ ಮೀರಿತು. ನಮ್ಮಲ್ಲಿ ಸಿಗುವ ಬ್ರಾಂಡಿಯಲ್ಲಿ ಸಾಮಾನ್ಯವಾಗಿ ಶೇಕಡ 42.8 ಆಲ್ಕೋಹಾಲ್. ಹಾಗಾಗಿ ಒಂದು ಲೋಟದಲ್ಲೇ ಸುಮಾರು 24 ಗ್ರಾಂ ಶುದ್ಧ ಮದ್ಯ ಒಳಗೆ ಹೋಗ್ತಿತ್ತು. ಶಾರದಾ ಖಾಲಿ ಲೋಟ ನೋಡ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮೆಜಮಾನ್ರು ಕುಡಿದ್ರೆ ಬೈಯ್ತೀನಿ ನಾನು" ಅಂದರು.

ನಾನು ಬೈಯಲಿಲ್ಲ. ಬೈದರೆ ಮುಂದಿನ ತಿಂಗಳು ಬರೋದಿಲ್ಲ, ಅಷ್ಟೇ ಆಗೋದು. ಬದಲಿಗೆ ಕೇಳಿದೆ: ಕುಡಿದ ಮೇಲೆ ನಿಮಗೆ ಏನೇನಾಗುತ್ತೆ, ಗಂಟೆ ಲೆಕ್ಕದಲ್ಲಿ ಹೇಳಿ.

ಮೊದಲ ಅರ್ಧ ಗಂಟೆ ಹಾಯ್ ಅನಿಸುತ್ತಂತೆ. ಮೈ ಬೆಚ್ಚಗೆ, ನೋವು ದೂರ ಹೋದ ಹಾಗೆ. ನಿದ್ದೆ ಬರುತ್ತೆ. ಆದರೆ ರಾತ್ರಿ ಎರಡಕ್ಕೆ ಎಚ್ಚರ. ಬಾಯಿ ಒಣಗಿ, ಎದೆ ಡವಡವ, ನೋವು ಮತ್ತೆ ಹಾಜರ್. ಮೂತ್ರಕ್ಕೆ ನಾಲ್ಕು ಸಲ ಏಳಬೇಕು. ಬೆಳಗ್ಗೆ ತಲೆನೋವು, ಭೇದಿ. "ಮುಟ್ಟಾದ್ರೆ ಎಲ್ಲಾರ್ಗೂ ಹಿಂಗೇ ಅಲ್ವಾ ಮೇಡಂ?"

ಇದರಲ್ಲಿ ಮುಟ್ಟಿನದ್ದು ಕೆಲವು, ಬ್ರಾಂಡಿಯದ್ದು ಹಲವು. ಅದನ್ನು ಬಿಡಿಸಿ ಹೇಳೋದೇ ನನಗೆ ಆ ದಿನದ ಮುಖ್ಯ ಕೆಲಸವಾಗಿತ್ತು.

ಮುಟ್ಟಿನಲ್ಲಿ ಗರ್ಭಕೋಶದ ಒಳಪದರ ಕಳಚಿ ಬರುತ್ತೆ. ಆಗ ಅಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಜಾಸ್ತಿಯಾಗುತ್ತೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಗರ್ಭಕೋಶವನ್ನು ಹಿಂಡೋದು ಅದೇ. ಪಕ್ಕದ ಕರುಳಿಗೂ ತಾಗೋದರಿಂದ ಕೆಲವರಿಗೆ ಭೇದಿಯೂ ಆಗುತ್ತೆ. ಬ್ರಾಂಡಿ ಈ ರಾಸಾಯನಿಕವನ್ನು ಕಡಿಮೆ ಮಾಡೋದಿಲ್ಲ. ನೋವು ಅಲ್ಲೇ ಇರುತ್ತೆ, ಮಿದುಳಿಗೆ ಸ್ವಲ್ಪ ಹೊತ್ತು ಮಂಕು ಕವಿಯುತ್ತೆ. ಜೊತೆಗೆ ಹೊಟ್ಟೆ-ಕರುಳನ್ನು ಕೆಣಕುತ್ತೆ. ಬೆಚ್ಚಗಾದ ಹಾಗೆ ಅನಿಸೋದು ಚರ್ಮದ ರಕ್ತನಾಳ ಹಿಗ್ಗಿ ರಕ್ತ ಹೊರಪದರಕ್ಕೆ ಬರೋದರಿಂದ. ಆ ಶಾಖ ಹೊರಗೆ ಹೋಗುತ್ತೆ, ಮೈ ಒಳಗೆ ತಣ್ಣಗಾಗುತ್ತೆ.

ಮೂತ್ರದ ಕಥೆಯೂ ಇದೆ. ದೇಹದಲ್ಲಿ ನೀರು ಹಿಡಿದಿಡೋಕೆ ಒಂದು ಹಾರ್ಮೋನ್ ಇದೆ, ಮದ್ಯ ಅದನ್ನು ತಡೆಯುತ್ತೆ. ನೀರೆಲ್ಲ ಹೊರಗೆ ಹೋಗಿ ತಲೆನೋವು, ಸುಸ್ತು. ನಿದ್ದೆಯೂ ಅಷ್ಟೆ. ಬೇಗ ಬರುತ್ತೆ, ಆದರೆ ಮದ್ಯದ ಅಮಲು ಇಳಿಯುತ್ತಿದ್ದ ಹಾಗೆ ರಾತ್ರಿಯ ಎರಡನೇ ಅರ್ಧ ಹಾಳಾಗುತ್ತೆ. ಎರಡು ಗಂಟೆಯ ಡವಡವ ಅದೇ. ಇನ್ನು ಗಂಡಸಿಗೂ ಹೆಂಗಸಿಗೂ ಅಳತೆ ಒಂದೇ ಆದರೂ ಹೆಂಗಸಿನ ರಕ್ತದಲ್ಲಿ ಮದ್ಯದ ಪ್ರಮಾಣ ಸಾಮಾನ್ಯವಾಗಿ ಜಾಸ್ತಿ ಏರುತ್ತೆ. ನಮ್ಮ ಮೈಯಲ್ಲಿ ನೀರಿನ ಪಾಲು ಕಡಿಮೆ.

"ಕುಡಿದ್ರೆ ಕೆಟ್ಟ ರಕ್ತ ಎಲ್ಲ ಹೋಗುತ್ತೆ ಅಂತಾರಲ್ಲ?" ಮುಟ್ಟಿನ ರಕ್ತ ಕೆಟ್ಟದ್ದೂ ಅಲ್ಲ, ಬ್ರಾಂಡಿ ಅದನ್ನು ತೊಳೆಯೋದೂ ಇಲ್ಲ. ವರ್ಷಗಟ್ಟಲೆ ಜಾಸ್ತಿ ಕುಡಿದವರಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗಬಹುದು, ಮುಟ್ಟಿನ ಲೆಕ್ಕವೂ ತಪ್ಪಬಹುದು.

ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ ಮಾತು ಕೊನೆಗೆ ಬಂತು. ಚೀಟಿ ಕೈಗೆ ಬರುವ ಹಿಂದಿನ ದಿನ ಅವರು ಬಚ್ಚಲಲ್ಲಿ ತಲೆಸುತ್ತಿ ಬಿದ್ದಿದ್ದರು. ಯಾಕೆ ಅಂದರೆ ಬೆಳಗ್ಗೆಯಿಂದ ಊಟ ಇಲ್ಲ, ಮೆಡಿಕಲ್ ಅಂಗಡಿಯಿಂದ ತಂದ ಮುಟ್ಟಿನ ಮಾತ್ರೆ ಎರಡು, ಮೇಲೆ ಬ್ರಾಂಡಿ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ತರದ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಕಡಿಮೆ ಮಾಡ್ತವೆ, ಹಾಗಾಗಿ ನೋವಿಗೆ ಕೆಲಸ ಮಾಡ್ತವೆ. ಆದರೆ ಅವುಗಳ ಜೊತೆ ಮದ್ಯ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುವ ಅಪಾಯ ಏರುತ್ತೆ. ಪ್ಯಾರಸಿಟಮಾಲ್ ಆದರೆ ಲಿವರ್‌ಗೆ ಪೆಟ್ಟು ಬೀಳಬಹುದು. ಮಾತ್ರೆ ತಗೊಂಡ ದಿನ ಬ್ರಾಂಡಿ ಇಲ್ಲ ಅನ್ನೋದನ್ನು ಅವರ ಕೈಯಲ್ಲೇ ಚೀಟಿಯ ಹಿಂದೆ ಬರೆಸಿದೆ.

ಇನ್ನೊಂದು ಗಮನಿಸಿದೆ. ಮೊದಲು ಮೂರು ದಿನ ಇದ್ದ ಕುಡಿತ, ಈಚೆಗೆ ಮುಟ್ಟಾಗುವ ಎರಡು ದಿನ ಮುಂಚೆಯೇ ಶುರುವಾಗ್ತಿತ್ತು. "ಸಿಡುಕು ಜಾಸ್ತಿ, ಮಗೂನ ಹೊಡೀತೀನಿ, ಅದಕ್ಕೆ" ಅಂದರು. ನೋವಿನ ಮದ್ದು ಮನಸ್ಸಿನ ಮದ್ದಾಗಿ ಬದಲಾಗುವ ಜಾಗ ಇದೇ. ಇಲ್ಲೇ ಹಿಡಿದರೆ ಸುಲಭ. ದಿನಾ ಕುಡಿಯುವವರಾಗಿದ್ದರೆ ಒಮ್ಮೆಲೇ ಬಿಡಿ ಅಂತ ನಾನು ಹೇಳ್ತಿರಲಿಲ್ಲ. ಕೈನಡುಕ, ಫಿಟ್ಸ್ ಬರಬಹುದು, ಅವರಿಗೆ ಡಾಕ್ಟರ ನೆರವು ಬೇಕೇ ಬೇಕು. ಶಾರದಾಗೆ ಆ ಹಂತ ಬಂದಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಬಿಡಿ ಅಂತ ಹೇಳೋಕೆ ಮುಂಚೆ ನೋವಿಗೆ ಬೇರೆ ದಾರಿ ಕೊಡಬೇಕು. ಡಾಕ್ಟರು ಸ್ಕ್ಯಾನ್ ಮಾಡಿಸಿದರು, ದೊಡ್ಡ ತೊಂದರೆ ಕಾಣಲಿಲ್ಲ. ಮಾತ್ರೆಯನ್ನು ನೋವು ಏರುವವರೆಗೆ ಕಾಯದೆ, ಶುರುವಾಗುತ್ತಿದ್ದ ಹಾಗೆ, ಊಟ ಆದಮೇಲೆ, ಅವರು ಬರೆದ ಲೆಕ್ಕದಲ್ಲಿ ತಗೋಬೇಕು. ಹೊಟ್ಟೆಹುಣ್ಣು, ಅಸ್ತಮಾ, ಕಿಡ್ನಿ ತೊಂದರೆ ಇರುವವರು ಕೇಳದೆ ತಗೋಬಾರದು. ಜೊತೆಗೆ ಕಿಬ್ಬೊಟ್ಟೆ ಮೇಲೆ ಬಿಸಿನೀರಿನ ಚೀಲ. ಇದನ್ನು ಜನ ಹಗುರವಾಗಿ ನೋಡ್ತಾರೆ, ಆದರೆ ಶಾಖ ನಿಜವಾಗಿ ನೋವು ಇಳಿಸುತ್ತೆ. ಕುಡಿಯುವ ಬಿಸಿನೀರು, ಬೆಲ್ಲ, ಮೆಣಸು ಹಾಗೇ ಇರಲಿ, ಬ್ರಾಂಡಿ ಒಂದನ್ನು ತೆಗೀರಿ ಅಂದೆ. ಪ್ಯಾಡ್ ಗಂಟೆ-ಎರಡು ಗಂಟೆಗೊಮ್ಮೆ ತೋಯ್ದರೆ, ಏಳು ದಿನ ದಾಟಿದರೆ, ನೋವು ವರ್ಷದಿಂದ ವರ್ಷಕ್ಕೆ ಏರಿದರೆ ಮತ್ತೆ ಡಾಕ್ಟರ ಹತ್ತಿರ.

ರಕ್ತ ಕಡಿಮೆ ಇರೋದು ಬೇರೆ ಜಗಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇತ್ತು. ರಕ್ತ ತಯಾರಾಗೋಕೆ ಬೇಕಾದ ಫೋಲೇಟ್ ಅನ್ನೋ ವಿಟಮಿನ್ ಮೈ ಹೀರಿಕೊಳ್ಳೋದನ್ನೂ ಮದ್ಯ ಕೆಡಿಸುತ್ತೆ. ಶಾರದಾ ಕಬ್ಬಿಣದ ಮಾತ್ರೆ ಈ ಮೊದಲೂ ತಗೊಂಡಿದ್ದರು, ಬೆಳಗಿನ ಕಾಫಿ ಜೊತೆ. ಕಾಫಿ ಸೀಮೆಯಲ್ಲಿ ಇದು ದಿನಾ ಕೇಳುವ ಮಾತು. ಕಾಫಿ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಗೊಡೋದಿಲ್ಲ. ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ ಇಡಿ, ಮಾತ್ರೆ ಜೊತೆ ನಿಂಬೆಹಣ್ಣಿನ ಪಾನಕ ಕುಡೀರಿ ಅಂದೆ. ಸಿಡುಕು ಏರಿದ ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಫೋನಿನಲ್ಲಿ ಸೇವ್ ಮಾಡಿಸಿದೆ. ಕನ್ನಡದಲ್ಲೇ ಮಾತಾಡಬಹುದು.

ಜನವರಿಯಲ್ಲಿ ಅತ್ತೆಯೂ ಬಂದರು. ಸೊಸೆಗೆ ನಾನೇನೋ ತಲೆ ತುಂಬಿದ್ದೇನೆ ಅಂತ ಅನುಮಾನ. "ನಮ್ ಕಾಲ್ದಲ್ಲಿ ಈ ಮಾತ್ರೆ ಎಲ್ಲಿತ್ತು ಕಣವ್ವ, ಇದೇ ಮದ್ದು" ಅಂದರು. ಹೌದಮ್ಮ, ಆಗ ಬೇರೆ ಇರಲಿಲ್ಲ, ಅದಕ್ಕೇ ಇದು ಮದ್ದಾಯ್ತು ಅಂದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಬಿಸಿನೀರಿನ ಚೀಲ ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ ಅಂತ ಕೇಳಿಕೊಂಡು ಹೋದರು.

ಜನವರಿ, ಫೆಬ್ರವರಿ ಬ್ರಾಂಡಿ ಇಲ್ಲ. ಹಿಮೋಗ್ಲೋಬಿನ್ 10.1ಕ್ಕೆ ಬಂತು. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾಗಿದ್ದ ವಾರ ಶಾರದಾ ಬಂದು ಕೂತರು. ನಾನು ಏನೂ ಕೇಳಿರಲಿಲ್ಲ.

"ಒಂದು ರಾತ್ರಿ ಕುಡಿದೆ ಮೇಡಂ. ಮಾತ್ರೆ ಖಾಲಿಯಾಗಿತ್ತು. ಮುಚ್ಚಳದಲ್ಲೇ ಅಳೆದೆ, ಮೂರು."

ಬರೆದುಕೊಂಡೆ. ಮಾತ್ರೆ ಖಾಲಿಯಾಗುವ ವಾರ ಮುಂಚೆಯೇ ತರಿಸೋದು ಹೇಗೆ ಅಂತ ಆ ದಿನ ಪೂರ್ತಿ ಅದನ್ನೇ ಮಾತಾಡಿದೆವು.