ಅರ್ಧ ಸಿನಿಮಾ ಬರೀ ತರಬೇತಿನಾ?

‘ದಿ 36ತ್ ಚೇಂಬರ್ ಆಫ್ ಶಾವೊಲಿನ್’ನಲ್ಲಿ ಫೈಟ್ ಕಮ್ಮಿ, ತರಬೇತಿನೇ ಜಾಸ್ತಿ, ಹೀರೋಗೆ ನಿಜವಾಗ್ಲೂ ಕುಂಗ್‌ ಫೂ ಬರುತ್ತಾ ಅಂತ ಕೇಳಿದ್ರಲ್ಲ. ಬರುತ್ತೆ ಸಾರ್. ಹೀರೋ ಗಾರ್ಡನ್ ಲಿಯು ಹಂಗ್ ಗಾರ್ ಅನ್ನೋ ಕುಂಗ್ ಫೂ ಪದ್ಧತಿ ಕಲಿತಿದ್ದು ನಿರ್ದೇಶಕ ಲಾವ್ ಕಾರ್-ಲ್ಯೂಂಗ್ ಅವರ ತಂದೆಯ ಗರಡಿಯಲ್ಲೇ. 1978ರ ಹಾಂಗ್ ಕಾಂಗ್ ಚಿತ್ರ, ಸೇಡು ತೀರಿಸೋಕೆ ಶಾವೊಲಿನ್ ಮಠ ಸೇರಿ ಕುಂಗ್ ಫೂ ಕಲಿಯೋ ಹುಡುಗನ ಕಥೆ; ವೈರು ಕಟ್ಟಿ ಹಾರಿಸೋ ಆಟ ಇದಲ್ಲ.

ತರಬೇತಿಯನ್ನ ಓಡಿಸಿಬಿಡಬೇಡಿ, ಸಿನಿಮಾದ ಜೀವ ಇರೋದೇ ಅಲ್ಲಿ. ನೀರು ಹೊರೋ ದೃಶ್ಯ ನೋಡಿ: ಎರಡೂ ಕೈ ಅಗಲಿಸಿ ಬಕೆಟ್ ಹಿಡೀಬೇಕು, ತೋಳಿಗೆ ಚೂರಿ ಕಟ್ಟಿರ್ತಾರೆ. ಕೈ ಸೋತು ಇಳಿದರೆ ಪಕ್ಕೆಗೆ ಚುಚ್ಚುತ್ತೆ. ಮಾತೇ ಬೇಡ, ನಮ್ಮ ಭುಜವೇ ನೋಯೋಕೆ ಶುರು. ಊಟದ ಮನೆಗೆ ಹೋಗೋಕೆ ತೇಲೋ ದಿಮ್ಮಿ ಮೇಲೆ ದಾಟಬೇಕಾದ ಜಾಗದಲ್ಲಿ ಹೀರೋ ನೀರಿಗೆ ಬೀಳೋದಂತೂ ಒಳ್ಳೆ ತಮಾಷೆ.

ಫೈಟೇ ಬೇಕಂದ್ರೆ, ಜೋಡಿ ಕತ್ತಿಯ ಹಿರಿಯ ಸನ್ಯಾಸಿ ಎದುರಿನ ಪಂದ್ಯಗಳು. ಲೀ ಹೋಯ್-ಸಾಂಗ್ ಆ ಪಾತ್ರದಲ್ಲಿ ಬಂಡೆ ಥರ. ಹೀರೋ ಸೋತು ಸೋತು ಕೊನೆಗೆ ಸರಪಳಿಯಿಂದ ಜೋಡಿಸಿದ ಮೂರು ತುಂಡಿನ ದೊಣ್ಣೆ ಕಂಡುಹಿಡೀತಾನೆ. ಕತ್ತಿ ಆ ಸರಪಳಿಗೆ ಸಿಕ್ಕಿ ತಿರುಚಿಕೊಳ್ಳೋದನ್ನ ಒಂದ್ಸಲ ನಿಧಾನಕ್ಕೆ ಹಾಕ್ಕೊಂಡು ನೋಡಿ. ಕೊನೇ ಸೇಡಿನ ಭಾಗ ಮಾತ್ರ ನನಗೂ ಸ್ವಲ್ಪ ಗಡಿಬಿಡಿ ಅನ್ನಿಸ್ತು.