ಸೂರ್ಯಾಸ್ತ ಬಿಡಿ, ಧಕ್ಕೆಯ ಬೆಳಗು ಬರೆಯಿರಿ

ನಮಸ್ಕಾರ.

ನಿಮ್ಮ ಪ್ರಬಂಧ, ಜೊತೆಗಿದ್ದ ಫೋಟೋಗಳು ತಲುಪಿದವು. ಗದಗದಿಂದ ಕೆಲಸಕ್ಕೆಂದು ಮಂಗಳೂರಿಗೆ ಬಂದು, ಮಾತಾಡಲು ಯಾರೂ ಇಲ್ಲದೆ, ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಬೋಟುಗಳು ಬಂದು ನಿಲ್ಲುವ ಬಂದರಿನ ಧಕ್ಕೆಗೂ ನದಿಯಾಚೆ ದಡದ ಬೆಂಗ್ರೆಗೂ ಅಲೆದು, ಕೊನೆಗೆ ಇದೂ ನನ್ನೂರೇ ಅನ್ನಿಸಿದ ಕಥೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ನನಗೆ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ಸೂರ್ಯಾಸ್ತ. ಫೋಟೋಗಳಲ್ಲೂ ಮುಕ್ಕಾಲು ಪಾಲು ಅದೇ: ಕೆಂಪು ಆಕಾಶ, ಕಪ್ಪು ನೆರಳಾಗಿ ನಿಂತ ಮನುಷ್ಯ, ದೂರದಲ್ಲೊಂದು ದೋಣಿ. ಚೆನ್ನಾಗಿಯೇ ಇವೆ. ಆದರೆ ಮುಖವೇ ಕಾಣದಿದ್ದರೆ ಅದು ಯಾವ ಊರಿನ ಕಡಲಾದರೂ ಆಗಬಹುದು, ಅಲ್ವಾ? ಧಕ್ಕೆಗೆ ಜೀವ ಬರುವುದು ಬೆಳಗಿನ ಹೊತ್ತು. ಬೋಟಿನಿಂದ ಮೀನು ಇಳಿಯುತ್ತದೆ, ಏಲಂ ಕೂಗುತ್ತಾರೆ, ಬುಟ್ಟಿಗೆ ಐಸ್ ಬೀಳುತ್ತದೆ, ಹೆಂಗಸರು ಬೂತಾಯಿ, ಬಂಗುಡೆ ತುಂಬಿಕೊಂಡು ಮಾರ್ಕೆಟ್ಟಿನ ದಾರಿ ಹಿಡಿಯುತ್ತಾರೆ. ಆ ಹೊತ್ತಿಗೆ ಹೋಗಿ.

‘ಮುಗ್ಧ ಕಡಲ ಮಕ್ಕಳು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದಯವಿಟ್ಟು ತೆಗೆದುಹಾಕಿ. ಬುಟ್ಟಿಯನ್ನು ಒಂದು ಸಲ ನೋಡಿ ರೇಟು ಹೇಳುವ ಹೆಂಗಸನ್ನು ಮುಗ್ಧೆ ಎಂದರೆ ಅವಳ ಕಸುಬಿಗೇ ಅವಮಾನ. ಬೆಂಗ್ರೆಯಲ್ಲಿ ತುಳು ಮಾತಾಡುವ ಮೊಗವೀರರಿದ್ದಾರೆ, ಬ್ಯಾರಿ ಭಾಷೆ ಮಾತಾಡುವ ಬ್ಯಾರಿಗಳಿದ್ದಾರೆ. ಎರಡು ಭಾಷೆ ಕಿವಿಗೆ ಬೀಳುವ ಜಾಗ ಅದು. ನಿಮ್ಮ ಬರಹದಲ್ಲಿ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಒಬ್ಬರು ಬಿಡುತ್ತಾರೆ. ನಾಲ್ಕನೇ ಪುಟದಲ್ಲಿ ಮೀನು ಮಾರುವ ಅಕ್ಕ “ಆವತ್ತು ತೆಗೆದ ಫೋಟೋ ಎಲ್ಲಿ ಉಂಟು? ನನಗೊಂದು ಕೊಡಿ” ಅನ್ನುತ್ತಾರೆ. ಎರಡೇ ಸಾಲು. ನಾನು ಅಲ್ಲೇ ನಿಂತುಬಿಟ್ಟೆ. ಅಲ್ಲಿಯ ತನಕ ನೀವು ಅವರನ್ನು ನೋಡುತ್ತಿದ್ದಿರಿ. ಈಗ ಅವರು ನಿಮ್ಮ ಗುರುತು ಹಿಡಿದರು, ನಿಮ್ಮಿಂದ ಏನೋ ಬೇಕು ಎಂದರು. ಹೊಸ ಊರು ನಮ್ಮದಾಗುವುದು ಇಂಥ ಕಡೆಯಿಂದಲೇ ಎಂದು ನಾನು ನಂಬಿದ್ದೇನೆ. ಪ್ರಿಂಟ್ ಹಾಕಿಸಿ ಕೊಟ್ಟಿರಾ? ಅವರು ಏನಂದರು? ಯಾರಿಗೆ ತೋರಿಸಿದರು? ಇದ್ಯಾವುದೂ ಬರಹದಲ್ಲಿಲ್ಲ. ಮುಂದಿನ ಪ್ಯಾರಾದಲ್ಲೇ ಮತ್ತೆ ಅಲೆಗಳು ಶುರು. ಕೊಟ್ಟಿಲ್ಲದಿದ್ದರೆ ಮೊದಲು ಕೊಟ್ಟು ಬನ್ನಿ. ಪ್ರಬಂಧ ಅಲ್ಲಿಂದಲೇ ಶುರುವಾಗಲಿ.

ಒಂದು ತಪ್ಪನ್ನೂ ತಿದ್ದಬೇಕು. ಜುಲೈ ತಿಂಗಳ ಫೋಟೋಗೆ ‘ಕಡಲಿಗೆ ಹೊರಟ ಬೋಟುಗಳು’ ಎಂದು ಬರೆದಿದ್ದೀರಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ನಿಮ್ಮ ಫೋಟೋದಲ್ಲಿ ಒತ್ತೊತ್ತಾಗಿ ನಿಂತ ಟ್ರಾಲ್ ಬೋಟುಗಳು ರಜೆಯಲ್ಲಿವೆ. ಬಲೆ ರಿಪೇರಿ, ಎಂಜಿನ್ ರಿಪೇರಿ, ಬಣ್ಣ ಬಳಿಯುವುದು ಎಲ್ಲ ಆಗ ನಡೆಯುತ್ತದೆ. ಬೋಟಿನ ಕೆಲಸಕ್ಕೆ ಆಂಧ್ರ, ಒಡಿಶಾ, ತಮಿಳುನಾಡು ಕಡೆಯಿಂದ ಬಂದವರು ಊರಿಗೆ ಹೋಗುತ್ತಾರೆ, ಆಗಸ್ಟ್ ಹೊತ್ತಿಗೆ ತಿರುಗಿ ಬರುತ್ತಾರೆ.

ಇದನ್ನು ಹೇಳಲು ಕಾರಣವಿದೆ. ಧಕ್ಕೆಯಲ್ಲಿ ಕಂಡವರೆಲ್ಲ ಅಲ್ಲೇ ಹುಟ್ಟಿದವರು, ನೀವೊಬ್ಬರೇ ಹೊರಗಿನವರು ಎಂಬಂತೆ ಬರೆದಿದ್ದೀರಿ. ಅವರಲ್ಲಿ ಎಷ್ಟೋ ಜನ ನಿಮಗಿಂತ ದೂರದಿಂದ ಬಂದವರು. ಕನ್ನಡವೂ ಬಾರದೆ, ತುಳುವೂ ಬಾರದೆ ಬಂದಿಳಿದವರು. ಮೊದಲ ವರ್ಷ ಹೇಗೆ ಕಳೆದರು, ಇಲ್ಲಿ ಯಾರು ತಮ್ಮವರಾದರು ಎಂದು ಕೇಳಿ ನೋಡಿ. ಆ ಪ್ರಶ್ನೆ ನಿಮ್ಮ ಬಾಯಲ್ಲಿ ಬಂದರೆ ಅದಕ್ಕೆ ತೂಕ ಜಾಸ್ತಿ.

ಬೆಂಗ್ರೆಯ ಮಕ್ಕಳ ಫೋಟೋ ತೆಗೆಯುವಾಗ ಮನೆಯವರನ್ನು ಕೇಳಿದ್ದಿರಾ? ಕೇಳದಿದ್ದರೆ ಅವನ್ನು ನಾವು ಹಾಕುವುದಿಲ್ಲ.

ಸಾವಿರ ಪದದೊಳಗೆ ಇರಲಿ, ಫೋಟೋ ಐದು ಸಾಕು. ಆತುರ ಬೇಡ. ಆಗಸ್ಟ್‌ನಲ್ಲಿ ಬೋಟುಗಳು ಇಳಿದ ಮೇಲೆ ಒಂದಷ್ಟು ಬೆಳಗು ಅಲ್ಲಿ ಕಳೆದು, ಆಮೇಲೆ ಕಳಿಸಿ. ಬಂದ ತಕ್ಷಣ ನಾನೇ ಓದುತ್ತೇನೆ.