ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗುತ್ತಾ? ಮೊದಲು ನಿಮ್ಮ ಕಾಗದ ತೋರಿಸಿ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಟ್ಟಿಗೇ ಜಾರಿಗೆ ತಂದಿತು. ಅಂದಿನಿಂದ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿವೆ: ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡಬೇಕಾದ ಹಣ, ಒಂದೇ ವರ್ಷಕ್ಕೆ ಸಿಗುತ್ತದೆಯೇ? ಕೋರ್ಟಿನ ಮೆಟ್ಟಿಲಲ್ಲಿ, ಕೋಲಾರ ಬಸ್ ನಿಲ್ದಾಣದಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲೂ ಅದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳಿ ಸಾಕಾಗಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ, ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ.

ನರಸಾಪುರದ ಕಾರ್ಖಾನೆಯೊಂದರಲ್ಲಿ 14 ತಿಂಗಳು ದುಡಿದು ಕೆಲಸ ಬಿಟ್ಟೆ. ಹೊಸ ಕಾನೂನಿನಲ್ಲಿ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆಯಂತೆ. ಎಚ್‌ಆರ್‌ನವರು ನಿಮಗೆ ಬರಲ್ಲ ಅಂತಾರೆ. ಕೇಸ್ ಹಾಕಬಹುದೇ? (ಬಂಗಾರಪೇಟೆಯ ಓದುಗರು)

ಕೇಸಿನ ಮಾತು ಆಮೇಲೆ. ನೀವು ಯಾವ ಕಾಗದದ ಮೇಲೆ ಕೆಲಸಕ್ಕೆ ಸೇರಿದಿರಿ? ಎರಡು ಪುಟದ ಪತ್ರದಲ್ಲಿ ಸೂಪರ್‌ವೈಸರ್ ಬೈದದ್ದು, ಕ್ಯಾಂಟೀನಿನ ಅನ್ನ ಹಳಸಿದ್ದು ಎಲ್ಲ ಇದೆ, ಈ ಒಂದು ಸಂಗತಿ ಮಾತ್ರ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅದರಲ್ಲೇ.

ಒಂದು ವರ್ಷದ ಗ್ರಾಚ್ಯುಟಿ ಎಲ್ಲರಿಗೂ ಅಲ್ಲ. ಕಾನೂನು ಅದನ್ನು ಕೊಟ್ಟಿರುವುದು ನಿಗದಿತ ಅವಧಿಯ ನೌಕರರಿಗೆ. ಅಂದರೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಲಿಖಿತ ಕರಾರು ಮಾಡಿಕೊಂಡು ಮಾಲೀಕರೇ ನೇಮಿಸಿಕೊಂಡವರಿಗೆ. ಆ ಕರಾರಿನಡಿ ಒಂದು ವರ್ಷ ದುಡಿದಿದ್ದರೆ ಹಣ ಬರಬೇಕು. ಕಾಯಂ ನೌಕರರಿಗೆ ಹಳೆಯ ಐದು ವರ್ಷದ ಲೆಕ್ಕವೇ ಮುಂದುವರಿದಿದೆ. ಸಾವು ಅಥವಾ ಅಂಗವೈಕಲ್ಯದಿಂದ ಕೆಲಸ ನಿಂತರೆ ಮಾತ್ರ ಆ ಐದು ವರ್ಷ ಬೇಕಿಲ್ಲ. ಏಜೆನ್ಸಿಯ ಮೂಲಕ ಬಂದವರಿಗೆ, ಅಂದರೆ ನರಸಾಪುರ, ವೇಮಗಲ್, ಮಾಲೂರಿನ ಬಸ್‌ಗಳಲ್ಲಿ ಬೆಳಗ್ಗೆ ತುಂಬಿಕೊಂಡು ಹೋಗುವ ಬಹಳ ಮಕ್ಕಳಿಗೆ, ಕಾನೂನಿನ ಕಣ್ಣಲ್ಲಿ ಮಾಲೀಕ ಆ ಏಜೆನ್ಸಿಯೇ ಹೊರತು ಕಾರ್ಖಾನೆ ಅಲ್ಲ. ಏಜೆನ್ಸಿ ನಿಮಗೆ ನಿಗದಿತ ಅವಧಿಯ ಕರಾರು ಕೊಟ್ಟಿಲ್ಲವೆಂದರೆ ಒಂದು ವರ್ಷದ ಮಾತು ನಿಮಗೆ ಅನ್ವಯಿಸುವುದಿಲ್ಲ. ‘ಕಂಟ್ರಾಕ್ಟ್ ಲೇಬರ್’ ಬೇರೆ, ‘ಫಿಕ್ಸೆಡ್ ಟರ್ಮ್’ ಬೇರೆ. ಎರಡನ್ನೂ ಗುತ್ತಿಗೆ ಎಂದೇ ಕರೆಯುವುದರಿಂದ ನಮ್ಮ ಜನ ಮೋಸ ಹೋಗುತ್ತಿದ್ದಾರೆ.

ಸಂಕ್ರಾಂತಿ ಮುಗಿದ ವಾರ ಮಾಲೂರು ಕಡೆಯ ಹೆಣ್ಣುಮಗಳೊಬ್ಬಳು ನನ್ನ ಕಚೇರಿಗೆ ಬಂದಿದ್ದಳು. ಜವಳಿ ಅಂಗಡಿಯ ಕವರಿನಲ್ಲಿ ಮೂರು ವರ್ಷದ ಸಂಬಳದ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದಳು. ಮೂರು ವರ್ಷವೂ ಅದೇ ಲೈನು, ಅದೇ ಬೆಂಚು, ಅದೇ ಸೂಪರ್‌ವೈಸರ್. ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ತಲೆಯಲ್ಲಿ ಕಾರ್ಖಾನೆಯ ಹೆಸರು ದಪ್ಪಕ್ಷರದಲ್ಲಿ ಒಂದೇ ಇತ್ತು. ಕೆಳಗೆ, ಮೂಲೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿದ್ದ ಏಜೆನ್ಸಿಯ ಹೆಸರು ಮಾತ್ರ ಹನ್ನೊಂದು ತಿಂಗಳಿಗೊಮ್ಮೆ ಬದಲಾಗಿತ್ತು. ಅವಳಿಗೆ ಗೊತ್ತಿದ್ದದ್ದು ಐಡಿ ಕಾರ್ಡಿನ ದಾರದ ಬಣ್ಣ ಬದಲಾಗಿದ್ದಷ್ಟೇ. ಅವಳ ಮೊಬೈಲಿನಲ್ಲೇ ಪಿಎಫ್ ಪಾಸ್‌ಬುಕ್ ತೆರೆದು ತೋರಿಸಿದೆ. ಯುಎಎನ್, ಅಂದರೆ ನೌಕರರ ಪಿಎಫ್ ಗುರುತಿನ ಸಂಖ್ಯೆ, ಒಂದೇ; ಅದರಡಿ ಮಾಲೀಕರಿಗೊಂದರಂತೆ ಮೆಂಬರ್ ಐಡಿ ಮೂರು. ಅಂದರೆ ದಾಖಲೆಯಲ್ಲಿ ಅವಳು ಮೂರು ಮಾಲೀಕರ ಹತ್ತಿರ ಮೂರು ತುಂಡು ಕೆಲಸ ಮಾಡಿದವಳು. ‘ನಾನು ಒಂದು ದಿನವೂ ಕೆಲಸ ಬಿಟ್ಟಿಲ್ಲ ಸಾರ್’ ಅಂದಳು. ಅವಳ ಮಾತು ನಿಜ. ಆದರೆ ಅದನ್ನು ಹೇಳುವ ಕಾಗದ ಒಂದೂ ಇರಲಿಲ್ಲ.

ಅವಳಿಗೆ ನಾನು ಸುಳ್ಳು ಭರವಸೆ ಕೊಡಲಿಲ್ಲ. 240 ದಿನ ಕೆಲಸ ಮಾಡಿದರೆ ವರ್ಷ ತುಂಬಿದಂತೆ ಎಂಬ ನಿಯಮ ಕಾನೂನಿನಲ್ಲಿದೆ. ಏಜೆನ್ಸಿ ಬದಲಾವಣೆ ಬರೀ ನಾಟಕ, ನಿಜವಾದ ಮಾಲೀಕ ಕಾರ್ಖಾನೆಯೇ ಎಂದು ವಾದಿಸಲೂ ದಾರಿ ಇದೆ. ಆದರೆ ಎರಡೂ ವರ್ಷಗಟ್ಟಲೆ ಸಾಕ್ಷಿ ಸಮೇತ ಹೋರಾಡಿ ಗೆಲ್ಲಬೇಕಾದ ವಾದಗಳು. ಹಾಜರಾತಿ, ಬಸ್ ಪಾಸ್, ಲೈನಿನ ಫೋಟೊ ಏನಿದೆಯೋ ಎಲ್ಲ ಕೂಡಿಸಿಕೊಂಡು ಬಾ ಎಂದು ಹೇಳಿ ಕಳಿಸಿದ್ದೇನೆ. ‘ಖಂಡಿತ ಗೆಲ್ಲಿಸಿಕೊಡ್ತೀನಿ’ ಎನ್ನುವ ವಕೀಲ ಸಿಕ್ಕರೆ ಅವರ ಕಚೇರಿಯಿಂದ ಎದ್ದು ಬನ್ನಿ.

ಬಂಗಾರಪೇಟೆಯವರೇ, ನಿಮ್ಮ ಬಳಿ ಲಿಖಿತ ಕರಾರು ಇದ್ದು ಅದರಲ್ಲಿ ಅವಧಿ ನಮೂದಾಗಿದ್ದರೆ ನೀವು ಹಕ್ಕುದಾರರು. ಲೆಕ್ಕ ಸುಲಭ: ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ. ವೇತನ 13,000 ರೂಪಾಯಿ ಇದ್ದರೆ ವರ್ಷಕ್ಕೆ 7,500. ವೇತನ ಎಂದರೆ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ). ಹೊಸ ಸಂಹಿತೆಯಲ್ಲಿ ನನಗೆ ಒಪ್ಪಿಗೆಯಾದ ಒಂದು ಸಂಗತಿ ಇಲ್ಲೇ ಇದೆ. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನೂ ವೇತನಕ್ಕೆ ಸೇರಿಸಬೇಕು. 20,000 ಸಂಬಳದಲ್ಲಿ 6,000 ಮಾತ್ರ ಬೇಸಿಕ್ ತೋರಿಸಿ ಉಳಿದದ್ದನ್ನು ಭತ್ಯೆ ಅನ್ನುತ್ತಿದ್ದರಲ್ಲ, ಈಗ ಅಂಥ ಕಡೆ ಲೆಕ್ಕ 10,000ದ ಮೇಲೆ ನಡೆಯಬೇಕು. ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಎಚ್‌ಆರ್‌ಗೆ ‘ಹಾಯ್ ಸರ್’ ಎಂದು ಕಳಿಸಿದ್ದು ಅರ್ಜಿ ಆಗುವುದಿಲ್ಲ. ನವೆಂಬರ್ 21ಕ್ಕೆ ಮೊದಲೇ ಕೆಲಸ ಬಿಟ್ಟವರು ಒಂದು ವರ್ಷದ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ‘ಗ್ರಾಚ್ಯುಟಿ ನೋಂದಣಿ ಮಾಡಿಸಿಕೊಡ್ತೀವಿ’ ಎಂದು ಕೈಗಾರಿಕಾ ಪ್ರದೇಶದ ಟೀ ಅಂಗಡಿಗಳಲ್ಲಿ ಕೂತು ಹುಡುಗರಿಂದ ಸಾವಿರ, ಎರಡು ಸಾವಿರ ಕೀಳುತ್ತಿದ್ದಾರೆ. ನೌಕರ ಮಾಡಿಸಿಕೊಳ್ಳಬೇಕಾದ ಅಂಥ ನೋಂದಣಿಯೇ ಇಲ್ಲ. ಅವರಿಗೆ ಆಧಾರ್ ಒಟಿಪಿ ಹೇಳಿ ಪಿಎಫ್ ಹಣವನ್ನೇ ಕಳೆದುಕೊಂಡವರು ನನ್ನ ಮುಂದೆ ಕೂತು ಅತ್ತಿದ್ದಾರೆ. ಯೂಟ್ಯೂಬಿನಲ್ಲಿ ‘ಎಲ್ಲರಿಗೂ ಒಂದೇ ವರ್ಷಕ್ಕೆ’ ಎಂದು ಕಿರುಚುವವರೂ ಅಷ್ಟೇ ಅಪಾಯ. ಅವರು ಹೇಳುವುದು ಅರ್ಧ, ಉಳಿದ ಅರ್ಧ ನಿಮ್ಮ ಕೊರಳಿಗೆ ಬೀಳುತ್ತದೆ.

ನೇಮಕಾತಿ ಪತ್ರ ಕೇಳಿ ಪಡೆಯಿರಿ. ಹತ್ತು ಮತ್ತು ಹೆಚ್ಚು ನೌಕರರಿರುವ ಕಡೆ ಪ್ರತಿಯೊಬ್ಬರಿಗೂ ಅದನ್ನು ಕೊಡಬೇಕೆಂದು ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಹೇಳುತ್ತದೆ. ಮೊದಲಿನಿಂದ ಇರುವವರಿಗೆ ಜಾರಿಯಾದ ಮೂರು ತಿಂಗಳೊಳಗೆ ಎಂದಿತ್ತು, ಆ ಗಡುವು 2026ರ ಫೆಬ್ರವರಿಯಲ್ಲೇ ಮುಗಿದಿದೆ. ಕೆಜಿಎಫ್‌ನ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಚಾಂಪಿಯನ್ ರೀಫ್ಸ್ ಕಡೆಯ ಸಾಲು ಮನೆಗಳಲ್ಲಿ ಅಪ್ಪನ ಸರ್ವಿಸ್ ಕಾಗದವನ್ನು ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರು ಇವತ್ತಿಗೂ ಸಿಗುತ್ತಾರೆ. ಅವರ ಮೊಮ್ಮಕ್ಕಳಿಗೆ ತಮ್ಮ ಏಜೆನ್ಸಿಯ ಹೆಸರೇ ಗೊತ್ತಿಲ್ಲ.

ನೀವು ಸಂಹಿತೆಗಳನ್ನು ವಿರೋಧಿಸುತ್ತೀರಿ, ಮತ್ತೆ ಅದರಡಿಯೇ ಹಕ್ಕು ಕೇಳಿ ಅನ್ನುತ್ತೀರಿ. ಇದೇನು? (ಕೋಲಾರ)

ವಿರೋಧಿಸುವುದು ಒಂದು, ಕೈಗೆ ಬಂದದ್ದನ್ನು ಬಿಡುವುದು ಇನ್ನೊಂದು. 29 ಕಾನೂನುಗಳನ್ನು ನಾಲ್ಕಕ್ಕೆ ಇಳಿಸುವ ಕೆಲಸದ ಮೂರು ಪಾಲು 2020ರ ಸೆಪ್ಟೆಂಬರಿನಲ್ಲಿ, ವಿರೋಧ ಪಕ್ಷಗಳು ಸಭೆ ಬಹಿಷ್ಕರಿಸಿದ್ದಾಗ ಸಂಸತ್ತಿನಲ್ಲಿ ಮುಗಿಯಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ 2015ರ ಬಳಿಕ ನಡೆದೇ ಇಲ್ಲ. ದುಡಿಯುವವರ ಬದುಕನ್ನೇ ಬದಲಿಸುವಾಗ ಅವರನ್ನು ಕೂರಿಸಿ ಕೇಳಬೇಕಿತ್ತು. ಹತ್ತು ಕೇಂದ್ರ ಕಾರ್ಮಿಕ ಸಂಘಗಳು 2025ರ ನವೆಂಬರ್ 26ರಂದು ದೇಶದಾದ್ಯಂತ ಬೀದಿಗಿಳಿದದ್ದು ಅದಕ್ಕೇ. ಇನ್ನೊಂದು ಕಾರ್ಮಿಕ ಸಂಘ ಬಿಎಂಎಸ್ (ಭಾರತೀಯ ಮಜ್ದೂರ್ ಸಂಘ) ಸಂಹಿತೆಗಳನ್ನು ಸ್ವಾಗತಿಸಿದೆ, ಅದು ಅವರ ನಿಲುವು.

ನನ್ನ ತಕರಾರು ಮುಖ್ಯವಾಗಿ ಎರಡು. ನೌಕರರನ್ನು ತೆಗೆಯಲು, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂಬ ಮಿತಿ ದೇಶದ ಕಾನೂನಿನಲ್ಲಿ 100 ಜನ ಇದ್ದದ್ದು 300ಕ್ಕೆ ಹೋಗಿದೆ. ಗುತ್ತಿಗೆ ಕಾರ್ಮಿಕರ ಕಾನೂನು ಅನ್ವಯಿಸಲು 20 ಜನ ಸಾಕಿತ್ತು, ಈಗ 50 ಬೇಕು. ಮುಖ್ಯ ಉತ್ಪಾದನೆಯ ಕೆಲಸಕ್ಕೆ ಗುತ್ತಿಗೆಯವರನ್ನು ಹಾಕಬಾರದು ಎಂದು ಒಂದು ಸಾಲಿನಲ್ಲಿ ಬರೆದು, ‘ಕೆಲಸ ದಿಢೀರ್ ಹೆಚ್ಚಾದರೆ ಹಾಕಬಹುದು’ ಎಂಬಂಥ ವಿನಾಯಿತಿಗಳನ್ನು ಅದರ ಬೆನ್ನಿಗೇ ಇಟ್ಟಿದ್ದಾರೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕಾರ್ಖಾನೆಯೇ ಕೊಡಬೇಕೆಂಬ ನಿಯಮ ಉಳಿದಿದೆ ಎಂಬುದೇ ಸಮಾಧಾನ. 2020ರ ಡಿಸೆಂಬರ್ 12ರ ಬೆಳಗ್ಗೆ ನರಸಾಪುರದ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಗಾಜು ಪುಡಿಯಾದದ್ದನ್ನು ಟೀವಿಯಲ್ಲಿ ದೇಶವೇ ನೋಡಿತು. ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಗಿತ್ತೆಂದು ಆಮೇಲೆ ಆಪಲ್ ಕಂಪನಿಯೇ ಒಪ್ಪಿಕೊಂಡಿತು. ಒಡೆದದ್ದು ತಪ್ಪು. ಆದರೆ ಸಂಬಳ ಕೇಳಲು ಯಾರ ಬಾಗಿಲು ತಟ್ಟಬೇಕೆಂದೇ ತಿಳಿಯದಂತೆ ಏಜೆನ್ಸಿಗಳ ಮೇಲೆ ಏಜೆನ್ಸಿ ಕಟ್ಟಿದ್ದೂ ತಪ್ಪೇ. ಹೊಸ ಸಂಹಿತೆ ಆ ಗೋಡೆಯನ್ನು ಕೆಡವಬೇಕಿತ್ತು.

ಇನ್ನು ದಿನಕ್ಕೆ 12 ಗಂಟೆ ದುಡಿಮೆ ಕಡ್ಡಾಯವೇ? (ವೇಮಗಲ್)

ಅಲ್ಲ. ದಿನಕ್ಕೆ 8, ವಾರಕ್ಕೆ 48. ಓಟಿಗೆ, ಅಂದರೆ ಹೆಚ್ಚುವರಿ ಗಂಟೆಗಳ ದುಡಿಮೆಗೆ, ನಿಮ್ಮ ಒಪ್ಪಿಗೆ ಬೇಕು, ದುಡ್ಡು ದುಪ್ಪಟ್ಟು. ಲಿಖಿತ ಒಪ್ಪಿಗೆ ಪಡೆದು 12 ಗಂಟೆಯವರೆಗೆ ದುಡಿಸಬಹುದೆಂಬ ತಿದ್ದುಪಡಿ 2023ರಲ್ಲಿ ನಮ್ಮ ವಿಧಾನಸೌಧದಲ್ಲೇ ಆದದ್ದು. ಅದನ್ನು ದೆಹಲಿಯ ತಲೆಗೆ ಕಟ್ಟಬೇಡಿ. ಸೇರುವ ದಿನ ಕೊಡುವ ಕಾಗದದ ಕಟ್ಟಿನಲ್ಲಿ ಆ ಒಪ್ಪಿಗೆಯೂ ಇರಬಹುದು, ಓದಿ ಸಹಿ ಹಾಕಿ.

ಕೈಗೆ ಬರುವ ಸಂಬಳ ಕಡಿಮೆಯಾಗುತ್ತದಂತೆ? (ತುಮಕೂರು, ವಸಂತನರಸಾಪುರ)

ವೇತನದ ಲೆಕ್ಕ ದೊಡ್ಡದಾದರೆ ಪಿಎಫ್ ಕಡಿತವೂ ಹೆಚ್ಚುತ್ತದೆ ಎಂಬ ಭಯ ಅದು. ನಿಮ್ಮ ಪಿಎಫ್ 15,000 ರೂಪಾಯಿಯ ಮಿತಿಯ ಮೇಲೇ ಕಡಿತವಾಗುತ್ತಿದ್ದರೆ ಹಾಗಾಗುವುದಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಘಟಕ, ಏಳು ಜನ ಇದ್ದೇವೆ. ಗ್ರಾಚ್ಯುಟಿ?

ಹತ್ತು ಜನ ಇಲ್ಲದ ಕಡೆ ಇಲ್ಲ. ಆದರೆ ಕನಿಷ್ಠ ವೇತನ ಈಗ ಎಲ್ಲ ಉದ್ಯೋಗಕ್ಕೂ ಅನ್ವಯ. ಅದನ್ನು ಕೇಳಿ.

ಕೆಲಸ ಬಿಟ್ಟು ಎರಡು ತಿಂಗಳಾಯಿತು, ಬಾಕಿ ಸಂಬಳ ಕೊಟ್ಟಿಲ್ಲ. (ಮುಳಬಾಗಿಲು)

ರಾಜೀನಾಮೆ ಕೊಟ್ಟರೂ, ಅವರೇ ತೆಗೆದರೂ ಎರಡು ಕೆಲಸದ ದಿನದೊಳಗೆ ಕೊಡಬೇಕು. ಕಾರ್ಮಿಕ ಇಲಾಖೆಗೆ ಬರೆದು ಕೊಡಿ. ಮೂರು ವರ್ಷದವರೆಗೆ ಕೇಳಲು ಅವಕಾಶವಿದೆ, ಹಾಗೆಂದು ಮೂರು ವರ್ಷ ಕಾಯಬೇಡಿ.

ಎಲ್ಲರೂ ಒಂದೇ ದಿನ ಕ್ಯಾಷುಯಲ್ ರಜೆ ಹಾಕಿದರೆ ಮುಷ್ಕರ ಆಗಲ್ಲವಲ್ಲ? (ಮಾಲೂರು)

ಆಗುತ್ತದೆ. ಅರ್ಧ ಮತ್ತು ಹೆಚ್ಚು ಜನ ಕೂಡಿ ರಜೆ ಹಾಕಿದರೆ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಮುಷ್ಕರ ಎಂದೇ ಎಣಿಸುತ್ತದೆ. ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು. ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಹತ್ತಕ್ಕೆ ತೀರ್ಮಾನ ಮಾಡಿ ಬೆಳಗ್ಗೆ ಮನೆಯಲ್ಲಿ ಕೂತರೆ ಕೆಲಸ ಹೋಗುವುದು ನಿಮ್ಮದು, ಗ್ರೂಪ್ ಅಡ್ಮಿನ್‌ದಲ್ಲ. ಈ ನಿಯಮ ಅನ್ಯಾಯದ್ದು ಎಂದೇ ನಾನು ನಂಬಿದ್ದೇನೆ. ಆದರೂ ಅದು ಇರುವವರೆಗೆ ನಿಮ್ಮ ಸಂಘದ ಮೂಲಕ, ನೋಟಿಸ್ ಕೊಟ್ಟೇ ಹೋರಾಡಿ.

ರೈತರ ಕಾನೂನುಗಳ ಹಾಗೆ ಇವೂ ವಾಪಸ್ ಹೋಗುತ್ತವಲ್ಲ, ಈಗ್ಯಾಕೆ ತಲೆ ಕೆಡಿಸಿಕೊಳ್ಳಬೇಕು? (ಚಿಂತಾಮಣಿ)

2020ರ ಮೂರು ಕೃಷಿ ಕಾನೂನುಗಳು 2021ರ ನವೆಂಬರಿನಲ್ಲಿ ರದ್ದಾದದ್ದು ರೈತರು ದೆಹಲಿಯ ಗಡಿಯಲ್ಲಿ ಒಂದು ವರ್ಷ ಚಳಿ, ಬಿಸಿಲು, ಮಳೆಯಲ್ಲಿ ಕೂತದ್ದಕ್ಕೆ. ಮನೆಯಲ್ಲಿ ಕಾದವರಿಂದ ಅಲ್ಲ. ಸಂಹಿತೆಗಳು ನಾಳೆ ಏನಾಗುತ್ತವೋ, ಈ ತಿಂಗಳು ನಿಮಗೆ ಅನ್ವಯಿಸುವುದು ಅವೇ.

ನನ್ನನ್ನು ರಾತ್ರಿ ಪಾಳಿಗೆ ಹಾಕಿದ್ದಾರೆ. ಒಪ್ಪದಿದ್ದರೆ ತೆಗೆಯುತ್ತಾರಂತೆ. (ಹೆಸರು ಬೇಡ ಎಂದಿರುವ ಓದುಗರು)

ಹೆಂಗಸರನ್ನು ರಾತ್ರಿ ಪಾಳಿಗೆ ಹಾಕಲು ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡೂ ಬೇಕು. ಬೆದರಿಸಿ ಪಡೆದದ್ದು ಒಪ್ಪಿಗೆ ಅಲ್ಲ ತಾಯಿ. ನಿಮ್ಮ ಪತ್ರದಲ್ಲಿ, ಬಸ್ಸು ಹೈವೇಯಲ್ಲೇ ಇಳಿಸುತ್ತದೆ, ಅಲ್ಲಿಂದ ಊರಿಗೆ ಎರಡು ಕಿಲೋಮೀಟರ್ ಮೊಬೈಲ್ ಟಾರ್ಚಿನಲ್ಲಿ ನಡೆಯುತ್ತೇನೆ ಎಂದು ಬರೆದಿದ್ದೀರಿ. ಮನೆ ಬಾಗಿಲಿಗೆ ಬಿಡುವ ಗಾಡಿ ಕೊಡುವವರೆಗೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಅದರ ಜೆರಾಕ್ಸ್ ಹಿಡಿದು ಈ ವಾರವೇ ನನ್ನ ಕಚೇರಿಗೆ ಬನ್ನಿ, ಫೀಸಿನ ಮಾತು ಬೇಡ.